ಚೀಟಿಯ ಕೆಳಗಿನ ಎರಡು ಚೌಕ

ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿ, ರಬ್ಬರ್ ಸ್ಟಾಂಪಿನ ಡಬ್ಬಿಯ ಅಡಿಯಲ್ಲಿ, ಎರಡು ಬೆರಳು ಅಗಲದ ಒಂದು ಕಾಗದದ ತುಂಡು ಹದಿನೇಳು ದಿನ ಇತ್ತು. ಅದನ್ನು ಕತ್ತರಿಸಿದವಳು ನಾನೇ, ಅಲ್ಲಿ ಬಚ್ಚಿಟ್ಟವಳೂ ನಾನೇ. ಕಸದ ಬುಟ್ಟಿಗೆ ಎಸೆಯುವಷ್ಟು ಧೈರ್ಯವೂ ಇರಲಿಲ್ಲ, ಹೊರಗೆ ತೆಗೆದು ತೋರಿಸುವಷ್ಟು ಮಾನವೂ ಇರಲಿಲ್ಲ. ಅರವತ್ತೊಂದು ವರ್ಷದ ಹೆಂಗಸು, ಪುಸ್ತಕದ ಮೂಲೆ ಮಡಚಬೇಡಿ, ಸುಳ್ಳು ಹೇಳಬೇಡಿ ಎಂದು ಮೂವತ್ತು ವರ್ಷ ಊರಿನ ಮಕ್ಕಳನ್ನೆಲ್ಲ ಗದರಿಸಿಕೊಂಡು ಬಂದವಳು, ಒಂದು ಕಾಗದದ ಚೂರಿಗೆ ಹೆದರಿ ಡ್ರಾಯರಿಗೆ ಬೀಗ ಹಾಕಿಕೊಂಡು ಓಡಾಡಿದೆ. ಥೂ, ನನ್ನ ಜನ್ಮಕ್ಕೆ.

ನಮ್ಮ ಪೋರ್ಟ್ ಟ್ರೆನ್ನಿಕ್‌ನಲ್ಲಿ ಶಾಲೆಗೂ ಊರಿಗೂ ಸೇರಿ ಒಂದೇ ಲೈಬ್ರರಿ. ಈ ಕಡೆಯ ಬಾಗಿಲು ಬೀದಿಗೆ, ಆ ಕಡೆಯ ಬಾಗಿಲು ಶಾಲೆಯ ಅಂಗಳಕ್ಕೆ. ಬೆಳಗ್ಗೆ ಬೀದಿಯ ಬಾಗಿಲಿನಿಂದ ತಾಯಿ ಪ್ರೇಮಕಥೆ ಒಯ್ಯಲು ಬಂದರೆ ಮಧ್ಯಾಹ್ನ ಅಂಗಳದ ಬಾಗಿಲಿನಿಂದ ಮಗಳು ಬರುತ್ತಾಳೆ. ನಡುವೆ ಒಂದೇ ಕೌಂಟರು, ಅದರ ಹಿಂದೆ ನಾನು, ವರ್ನಾ ಪೆನ್‌ಹಾಲ್. ಇಂಥ ಕಡೆ ಕೆಲಸ ಮಾಡುವವಳು ಮೊದಲು ಕಲಿಯಬೇಕಾದದ್ದು ಬಾಯಿ ಮುಚ್ಚಿಕೊಂಡಿರುವುದನ್ನು. ಮಗಳು ಏನು ಓದುತ್ತಿದ್ದಾಳೆ ಎಂದು ತಾಯಿ ಕೇಳಿದರೆ "ಅವಳನ್ನೇ ಕೇಳು" ಎನ್ನುತ್ತಿದ್ದೆ. ತಾಯಿ ಏನು ಓದುತ್ತಾಳೆ ಎಂದು ಮಗಳು ಕೇಳಿದರೆ "ಕೇಳದೇ ಇದ್ದರೆ ನಿನಗೇ ಒಳ್ಳೇದು" ಎನ್ನುತ್ತಿದ್ದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಜಂಬಕ್ಕೆ ಇನ್ನೊಂದು ಕಾರಣ, ನನ್ನ ಪಟ್ಟಿ. ಪ್ರತಿ ವರ್ಷ ಅಡಿಲೇಡಿನಿಂದ ಒಂದು ಪಟ್ಟಿ ಬರುತ್ತದೆ, ಹದಿಹರೆಯದವರು ಓದಲೇಬೇಕಾದ ಕಥೆ ಕಾದಂಬರಿ ಎಂದು. ನಲವತ್ತು ಪುಸ್ತಕ, ಒಂದೊಂದರ ಪಕ್ಕದಲ್ಲೂ ಅದರಿಂದ ಮಕ್ಕಳಿಗೆ ಏನೇನು ಲಾಭ ಎಂಬ ಭಾರವಾದ ಮಾತು. ಲಾಭದ ಮಾತು ಕೇಳಿದ ಮೇಲೆ ಯಾವ ಮಗು ತಾನೇ ಪುಸ್ತಕ ಮುಟ್ಟುತ್ತದೆ? ತಂದಿಟ್ಟ ಜಾಗದಲ್ಲೇ ಅವು ಹೊಸದಾಗಿ ಕೂತಿರುತ್ತಿದ್ದವು. ಅದಕ್ಕೇ ನಾನು ಎರಡು ಲೀಟರಿನ ಖಾಲಿ ಐಸ್‌ಕ್ರೀಂ ಡಬ್ಬದ ಮುಚ್ಚಳಕ್ಕೆ ತೂತು ಕೊರೆದು ಕೌಂಟರಿನ ಮೇಲಿಟ್ಟೆ. ಪಕ್ಕದಲ್ಲಿ ನಾನೇ ಅಚ್ಚು ಹಾಕಿದ ಚೀಟಿಗಳು. ಯಾವ ಪುಸ್ತಕ? ಯಾರು ಓದಬೇಕು? ಯಾಕೆ? ಹೆಸರು ಬರೆಯಬೇಕಿಲ್ಲ. ಚೀಟಿಯ ಕೆಳತುದಿಯಲ್ಲಿ ಎರಡು ಚೌಕ. ಮೊದಲನೆಯದರ ಮುಂದೆ "ಗೋಡೆಗೆ ಹಾಕಬಹುದು". ಎರಡನೆಯದರ ಮುಂದೆ "ಮಿಸ್ ಮಾತ್ರ ನೋಡಬೇಕು".

ಎರಡನೆಯ ಚೌಕಕ್ಕೆ ಗುರುತು ಹಾಕಿದ ಚೀಟಿಯನ್ನು ನಾನೊಬ್ಬಳೇ ಓದಿ, ಪುಸ್ತಕದ ಹೆಸರನ್ನು ಮಾತ್ರ ಬರೆದುಕೊಂಡು, ಚೀಟಿಯನ್ನು ಹರಿದುಹಾಕುತ್ತಿದ್ದೆ. ಪ್ರತಿ ವರ್ಷ ತರಗತಿಗೆ ಹೋಗಿ ನಿಂತು ಹೇಳುತ್ತಿದ್ದೆ: "ಯಾರು ಬರೆದದ್ದು ಅಂತ ನಾನು ಕೇಳಲ್ಲ. ಗೊತ್ತಾದ್ರೂ ಹೇಳಲ್ಲ. ಇದು ನನ್ನ ಮಾತು." ಆ ಚೀಟಿಗಳಿಂದಲೇ ಆಗಸ್ಟಿನಲ್ಲಿ ಇಪ್ಪತ್ತು ಪುಸ್ತಕದ ನಮ್ಮ ಪಟ್ಟಿ ತಯಾರಾಗುತ್ತಿತ್ತು, ಆ ಇಪ್ಪತ್ತೂ ಕಪಾಟಿನಲ್ಲಿ ನಿಲ್ಲುತ್ತಿರಲಿಲ್ಲ.

ಬ್ರಯನಿ ಕ್ರೋಸ್ ಹದಿನೈದರ ಹುಡುಗಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಭೂಪಟಗಳ ಕಪಾಟಿನ ಹಿಂದೆ ನೆಲದ ಮೇಲೆ ಕೂತು ಓದುತ್ತಿದ್ದಳು. ಕತ್ತಿ, ಕುದುರೆ, ಮಂತ್ರ ಇರುವ ಇಟ್ಟಿಗೆಯಷ್ಟು ದಪ್ಪದ ಪುಸ್ತಕಗಳೇ ಆಗಬೇಕು. ಅವಳ ತಾಯಿ ಮೆರಿಲ್ ಒಂದು ಕಾಲದಲ್ಲಿ ಊರಿನ ನೆಟ್‌ಬಾಲ್ ತಂಡಕ್ಕೆ ಕೋಚು, ಅವಳ ಸೀಟಿಯ ಸದ್ದು ದೋಣಿ ನಿಲ್ಲುವ ಜೆಟ್ಟಿಯವರೆಗೂ ಕೇಳುತ್ತಿತ್ತು. ಎರಡು ವರ್ಷದಿಂದ ಅವಳು ಎಲ್ಲೂ ಕಾಣುತ್ತಿರಲಿಲ್ಲ. ಕೇಳಿದರೆ ಬ್ರಯನಿ "ಅಮ್ಮಂಗೆ ಸೊಂಟ ನೋವು" ಎನ್ನುತ್ತಿದ್ದಳು. ತಂದೆ ಸಿಗಡಿ ದೋಣಿಯಲ್ಲಿ, ತಿಂಗಳಿಗೆ ಐದು ದಿನ ಮನೆಯಲ್ಲಿದ್ದರೆ ಹೆಚ್ಚು. ಏಳು ವರ್ಷದ ತಮ್ಮ ಟೋಬಿಯನ್ನು ಶಾಲೆಗೆ ಕರೆತರುವವಳೂ ಇವಳೇ, ಕರೆದೊಯ್ಯುವವಳೂ ಇವಳೇ.

ನನಗೆ ಅನುಮಾನ ಇತ್ತು. ಕೇಳಲಿಲ್ಲ. ಕೇಳುವ ಬದಲು ನಾವು ಲೈಬ್ರರಿಯವರು ಮಾಡುವುದನ್ನೇ ಮಾಡಿದೆ, ಒಂದು ಪುಸ್ತಕ ಕೊಟ್ಟೆ. ನೀಲಿ ಹೊದಿಕೆಯ ತೆಳ್ಳಗಿನ ಕಾದಂಬರಿ. ಅದರ ಹೆಸರು ಇಲ್ಲಿ ಬೇಡ, ಈ ಊರಿನಲ್ಲಿ ಅದಕ್ಕೆ ಈಗಾಗಲೇ ಬೇಕಾದಷ್ಟು ಹೆಸರಾಗಿದೆ.

"ಇದು ಹೇಗಿದೆ ನೋಡಿ ಹೇಳು," ಎಂದೆ. "ನನಗೆ ಓದೋಕೆ ಟೈಮಾಗಿಲ್ಲ."

ಅದನ್ನು ಎರಡು ಸಲ ಓದಿದ್ದೆ. ಆದರೆ ಆ ವಯಸ್ಸಿನವರಿಗೆ "ಇದು ನಿನಗೆ ಒಳ್ಳೆಯದು" ಎಂದರೆ ಕಷಾಯ ಕೊಟ್ಟ ಹಾಗೆ, ಮೂಗು ಮುಚ್ಚಿಕೊಂಡು ಓಡುತ್ತಾರೆ. ಬ್ರಯನಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮ್ಯಾಪೇ ಇಲ್ವಲ್ಲ ಮಿಸ್, ಇದರಲ್ಲಿ."

"ಒಂದೇ ಮನೆಯ ಕಥೆ ಕಣೇ. ದಾರಿ ತಪ್ಪಲ್ಲ, ಹೋಗು."

ಒಂಬತ್ತು ದಿನದ ಮೇಲೆ ಡಬ್ಬದಲ್ಲಿ ಆ ಚೀಟಿ ಸಿಕ್ಕಿತು. ಎಡಗೈ ಬರಹ, ಹಿಂದಕ್ಕೆ ವಾಲುವ ಅಕ್ಷರ, ಚುಕ್ಕಿ ಇಡುವ ಕಡೆಯೆಲ್ಲ ಪುಟ್ಟ ಸೊನ್ನೆ. ಯಾರದೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ.

ಯಾರು ಓದಬೇಕು: "ಮನೇಲಿ ಅಮ್ಮ ಹಾಸಿಗೆ ಬಿಟ್ಟು ಏಳದೇ ಇರೋರು."

ಯಾಕೆ: "ಇದರಲ್ಲಿರೋ ಹುಡುಗಿಯೂ ಊರಿಗೆಲ್ಲ ಅಮ್ಮಂಗೆ ಸೊಂಟ ನೋವು ಅಂತಾನೇ ಹೇಳ್ತಾಳೆ. ತಮ್ಮನ ಊಟದ ಡಬ್ಬಿ ಅವಳೇ ಕಟ್ತಾಳೆ. ಕೆಲವು ದಿನ ಅಮ್ಮನ ಮೇಲೆ ಎಷ್ಟು ಸಿಟ್ಟು ಬರುತ್ತೆ ಅಂದ್ರೆ ಬಾಗಿಲು ಒದೀಬೇಕು ಅನ್ಸುತ್ತೆ. ಆದ್ರೂ ಅವಳು ಕೆಟ್ಟವಳಲ್ಲ. ಅವಳು ಕೆಟ್ಟವಳಲ್ಲ ಅಂತ ಗೊತ್ತಾಗೋಕೆ ಓದಬೇಕು."

ಕೆಳಗೆ, ಎರಡನೆಯ ಚೌಕದಲ್ಲಿ, ಪೆನ್ನು ಒತ್ತಿ ಹಾಕಿದ ಗುರುತು. ಮಿಸ್ ಮಾತ್ರ ನೋಡಬೇಕು.

ಆವತ್ತೇ ಹರಿದುಹಾಕಬೇಕಿತ್ತು. ಹರಿಯಲು ಮನಸ್ಸು ಬರಲಿಲ್ಲ. ಅದುವರೆಗೆ ನನಗೆ ಬಂದ ಚೀಟಿಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ, ಆ ಪುಸ್ತಕ ಕೊಟ್ಟವಳು ಬೇರೆ ನಾನೇ. ಮಡಚಿ ಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಚಹಾ ಕುಡಿಯುತ್ತ ಮತ್ತೆ ಮತ್ತೆ ಓದಿದೆ.

ಮುಂದಿನ ವಾರ ಪುಸ್ತಕ ವಾರ. ಮಕ್ಕಳು ಕಥೆಯ ಪಾತ್ರಗಳ ವೇಷ ಹಾಕಿಕೊಂಡು ಬರುವ ಗದ್ದಲ. ಆ ಬುಧವಾರ ಅಡಿಲೇಡಿನಿಂದ ಇಲಾಖೆಯ ಒಬ್ಬಾಕೆ ಬರುವವಳಿದ್ದಳು, ಚೀಟಿಗಳನ್ನು ಅಂಟಿಸಿದ ನಮ್ಮ ಗೋಡೆಯ ಫೋಟೋ ತೆಗೆದು ಬೇರೆ ಲೈಬ್ರರಿಗಳಿಗೆ ಮಾದರಿ ಎಂದು ಕಳಿಸಲು. ಮಂಗಳವಾರ ಗೋಡೆಯ ಮುಂದೆ ನಿಂತು ನೋಡಿದೆ. "ಡ್ರ್ಯಾಗನ್ ಚೆನ್ನಾಗಿದೆ." "ತೆಳ್ಳಗಿದೆ, ಬೇಗ ಮುಗಿಯುತ್ತೆ." "ಮುತ್ತು ಕೊಡೋದು ನೂರಾ ಹನ್ನೆರಡನೇ ಪುಟದಲ್ಲಿ, ಅಲ್ಲೀವರೆಗೆ ಬರೀ ಮಾತು." ಇದನ್ನು ಮಾದರಿ ಅಂತ ಕಳಿಸುವುದೇ? ನನಗೆ ಅಳುವಷ್ಟು ಬೇಜಾರಾಯಿತು. ಚೀಲದಲ್ಲಿದ್ದ ಚೀಟಿ ನೆನಪಾಯಿತು.

ಹೆಸರಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಇಂಥ ಮನೆಯಲ್ಲಿರುವ ಇನ್ನೊಂದು ಮಗುವಿಗೆ ಅನುಕೂಲ ಆಗುತ್ತದೆ ಎಂದುಕೊಂಡೆ. ಮನಸ್ಸಿಗೆ ಬೇಕಾದ ನೆಪವನ್ನು ಅದೇ ಹುಡುಕಿಕೊಳ್ಳುತ್ತದೆ. ಕತ್ತರಿ ತೆಗೆದು ಎರಡು ಚೌಕಗಳಿದ್ದ ಕೆಳತುದಿಯನ್ನು ನೇರವಾಗಿ ಕತ್ತರಿಸಿದೆ. ಉಳಿದದ್ದನ್ನು ಲ್ಯಾಮಿನೇಟ್ ಮಾಡಿ ಗೋಡೆಯ ನಟ್ಟನಡುವೆ ಅಂಟಿಸಿದೆ. ಕತ್ತರಿಸಿದ ತುಂಡನ್ನು ಡ್ರಾಯರಿಗೆ ಹಾಕಿದೆ. ಅದರ ಮೇಲೆ ಸ್ಟಾಂಪಿನ ಡಬ್ಬಿ ಇಟ್ಟಾಗಲೇ ನಾನು ಮಾಡುತ್ತಿರುವುದು ಏನೆಂದು ನನಗೆ ಗೊತ್ತಿತ್ತು.

ಬುಧವಾರ ಬಂದಾಕೆ ಆ ಚೀಟಿಯ ಮುಂದೆ ನಿಂತು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. "ಇಂಥದ್ದನ್ನ ಮಕ್ಕಳು ನಿಮಗೆ ಬರೆದು ಕೊಡ್ತಾರಲ್ಲ ವರ್ನಾ, ನಿಮ್ಮನ್ನ ಎಷ್ಟು ನಂಬಿರಬೇಕು," ಎಂದಳು. ಆ ಮಾತಿಗೆ ನಾನು ಉಬ್ಬಿಹೋದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಕೋರಲ್ ಬಂದಳು. ಶಾಲೆಯ ಕ್ಯಾಂಟೀನ್ ನೋಡಿಕೊಳ್ಳುವವಳು, ನನ್ನ ಓರಗೆಯವಳು, ಮನಸ್ಸಿನಲ್ಲಿ ಕಪಟ ಇಲ್ಲದವಳು. ಕ್ಯಾಂಟೀನ್ ಮುಚ್ಚಿ ಮನೆಗೆ ಹೋಗುವಾಗ ಒಂದು ಪತ್ತೇದಾರಿ ಪುಸ್ತಕ ಒಯ್ಯುವುದು ಅವಳ ರೂಢಿ. ಅಂಗಳದ ಬಾಗಿಲಿನಿಂದ ಬಂದವಳು ಗೋಡೆಯ ಮುಂದೆ ನಿಂತುಬಿಟ್ಟಳು.

"ವರ್ನಾ, ಇದು ಬ್ರಯನಿ ಬರೆದಿದ್ದಲ್ವೇನೇ?"

"ಯಾವುದು?" ಎಂದೆ.

"ಯಾವುದು ಅಂತೀಯಲ್ಲ. ವಾರಕ್ಕೆ ಮೂರು ದಿನ ಈ ಅಕ್ಷರ ಓದ್ತೀನಿ ಕಣೇ ನಾನು. ಟೋಬಿ ಕ್ರೋಸ್, ಎರಡನೇ ಕ್ಲಾಸು, ಒಂದು ಪಾಸ್ಟಿ, ಸಾಸ್ ಬೇಡ. ನೋಡು, ಇದೇ ಸೊನ್ನೆ ಸೊನ್ನೆ." ಅವಳು ಬೆರಳಿಟ್ಟು ತೋರಿಸಿದಳು. "ಮೆರಿಲ್ ಕೈಬರಹ ನಾನು ನೋಡಿ ಎರಡು ವರ್ಷ ಆಯ್ತು. ಸೊಂಟ ನೋವು, ಬಗ್ಗೋಕಾಗಲ್ಲ, ಮಗಳ ಕೈಲಿ ಬರೆಸ್ತಾಳೆ ಅಂದ್ಕೊಂಡಿದ್ದೆ. ಅಯ್ಯೋ ಪಾಪ, ಇದಾ ವಿಷಯ."

ಕ್ಯಾಂಟೀನಿನ ಕಾಗದದ ಚೀಲಗಳು. ನಮ್ಮ ಶಾಲೆಗಳಲ್ಲಿ ಊಟ ಬೇಕಾದ ಮಗು ಬೆಳಗ್ಗೆ ಕಂದು ಚೀಲದ ಮೇಲೆ ಹೆಸರು, ತರಗತಿ, ತಿಂಡಿ ಬರೆದು ಬುಟ್ಟಿಗೆ ಹಾಕುತ್ತದೆ, ಪೈಯೋ ಪಾಸ್ಟಿಯೋ, ಮಾಂಸ ತುಂಬಿದ ಆ ತಿಂಡಿ ಬಿಸಿಯಾಗಿ ಅದೇ ಚೀಲದಲ್ಲಿ ವಾಪಸ್ಸು ಬರುತ್ತದೆ. ಊರಿನ ಅರ್ಧ ಹೆಂಗಸರು ಸರದಿಯ ಮೇಲೆ ಆ ಚೀಲ ತುಂಬುತ್ತಾರೆ. ಪ್ರತಿ ಮಗುವಿನ ಅಕ್ಷರ ಅವರಿಗೆ ಮುಖಕ್ಕಿಂತ ಚೆನ್ನಾಗಿ ಗೊತ್ತು. ನನ್ನ ಮಕ್ಕಳು ಚಿಕ್ಕವರಿದ್ದಾಗ ನಾನೂ ಆರು ವರ್ಷ ಆ ಸರದಿಯಲ್ಲಿ ನಿಂತವಳು. ಹೆಸರು ಬೇಡ ಎಂದು ಅಚ್ಚು ಹಾಕುವಾಗ, ಕತ್ತರಿ ಎತ್ತುವಾಗ, ಒಂದು ಸಲವೂ ಅದು ನೆನಪಿಗೆ ಬರಲಿಲ್ಲ.

"ಯಾರಿಗೂ ಹೇಳಬೇಡ ಕೋರಲ್," ಎಂದೆ.

"ನಾನ್ಯಾಕೆ ಹೇಳಲಿ? ಬೆಳಗ್ಗೆಯಿಂದ ಸರದಿಯವರು ಮೂರು ಜನ ಇದೇ ಬಾಗಿಲಲ್ಲಿ ಹೋಗಿದಾರೆ. ಅವರಿಗೆ ಕಣ್ಣಿಲ್ವಾ?"

ಚೀಟಿಯನ್ನು ಆಗಲೇ ಕಿತ್ತು ತೆಗೆದೆ. ಏನು ಬಂತು? ನಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಕಷ್ಟ ಎಂದು ತಿಳಿದರೂ ಜನ ಮಾತಾಡುವುದಿಲ್ಲ, ಅಡುಗೆ ಮಾಡಿ ಕಳಿಸುತ್ತಾರೆ. ಭಾನುವಾರದೊಳಗೆ ಕ್ರೋಸ್ ಮನೆಯ ಜಗುಲಿಯಲ್ಲಿ ಹನ್ನೊಂದು ಪಾತ್ರೆ ಬಂದು ಕೂತಿದ್ದವು. ಓವನ್ನಿನಲ್ಲಿ ಬೇಯಿಸಿದ ಮಾಂಸ, ಚೀಸ್ ಹಾಕಿದ ಮೀನು, ಮ್ಯಾಕರೋನಿ. ಪಾತ್ರೆ ವಾಪಸ್ಸು ಬರಲೆಂದು ಪ್ರತಿಯೊಂದರ ತಳದಲ್ಲೂ ಟೇಪು ಅಂಟಿಸಿ ಹೆಸರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಒಬ್ಬಳಂತೂ ಪಾತ್ರೆಯ ಜೊತೆ "ಮಗಳ ಚೀಟಿ ಓದಿ ಅತ್ತುಬಿಟ್ಟೆ, ಧೈರ್ಯವಾಗಿರು" ಎಂದು ಕಾರ್ಡು ಬೇರೆ ಇಟ್ಟಿದ್ದಳಂತೆ.

ಸೋಮವಾರ ಬೆಳಗ್ಗೆ ಗಂಟೆ ಬಾರಿಸುವ ಮೊದಲೇ ಬ್ರಯನಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ನನ್ನ ಚೀಟಿ ಎಲ್ಲಿ ಮಿಸ್?"

ಕೊಟ್ಟೆ. ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿ ಕೆಳತುದಿ ನೋಡಿದಳು.

"ಇದರ ಕೆಳಗಡೆ ಎರಡು ಚೌಕ ಇತ್ತು."

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಡ್ರಾಯರು ನನ್ನ ಮೊಣಕಾಲಿಗೆ ತಾಗಿಕೊಂಡೇ ಇತ್ತು.

"ಲ್ಯಾಮಿನೇಟ್ ಮಾಡುವಾಗ ಅಂಚು ಟ್ರಿಮ್ ಆಗುತ್ತೆ," ಎಂದೆ. "ಗೋಡೆಗೆ ಹಾಕಬಹುದು ಅನ್ನೋದಕ್ಕೆ ನೀನು ಗುರುತು ಹಾಕಿದ್ದೆ ಅಂತ ನನಗೆ ನೆನಪು."

"ಇಲ್ಲ ಮಿಸ್. ನಾನು ಎರಡನೇದಕ್ಕೆ ಹಾಕಿದ್ದೆ."

"ಅವಸರದಲ್ಲಿ ತಪ್ಪಾಗಿರಬಹುದು ಕಣಮ್ಮ."

ಅವಳು ಕತ್ತರಿಸಿದ ಅಂಚಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. "ತಪ್ಪಾಗಿರಬಹುದು," ಎಂದಳು ಕೊನೆಗೆ, ತನ್ನ ಮೇಲೆ ತನಗೇ ಅನುಮಾನ ಬಂದವಳ ಹಾಗೆ. ಚೀಟಿ ಹಿಡಿದುಕೊಂಡು ಹೊರಟುಹೋದಳು. ಮಾಡಿದ ತಪ್ಪು ಒಂದು, ಅದನ್ನು ಹದಿನೈದು ವರ್ಷದ ಹುಡುಗಿಯ ತಲೆಗೆ ಕಟ್ಟಿದ್ದು ಇನ್ನೊಂದು. ಎರಡನೆಯದನ್ನು ಮಾಡುವಾಗ ನನ್ನ ದನಿ ಸ್ವಲ್ಪವೂ ನಡುಗಲಿಲ್ಲ.

ಆಮೇಲೆ ಭೂಪಟದ ಕಪಾಟಿನ ಹಿಂದೆ ಯಾರೂ ಕೂರಲಿಲ್ಲ. ಬಿಡುವಿನ ಗಂಟೆಯಾದಾಗಲೆಲ್ಲ ನನ್ನ ಕಣ್ಣು ಅತ್ತಲೇ ಹೋಗುತ್ತಿತ್ತು. ಅವಳ ಹೆಸರಿನಲ್ಲಿ ನೀಲಿ ಪುಸ್ತಕ ಬಾಕಿ ಇದೆ ಎಂದು ಕಂಪ್ಯೂಟರು ತೋರಿಸುತ್ತಿತ್ತು. ಜ್ಞಾಪನ ಪತ್ರ ಕಳಿಸಲು ನನಗೆ ಯಾವ ಮುಖವಿತ್ತು?

ಅದರ ಮುಂದಿನ ವಾರ, ಶುಕ್ರವಾರ, ಕೋರಲ್ ಪುಸ್ತಕ ಬದಲಿಸಲು ಬಂದು ಕೌಂಟರಿಗೆ ಒರಗಿದಳು.

"ಮೆರಿಲ್ ಮಗಳ ಹತ್ರ ಮಾತೇ ಬಿಟ್ಟಿದಾಳಂತೆ ಕಣೇ. ಟರ್ಮ್ ಮುಗಿದ ಕೂಡ್ಲೇ ಮಿಲ್ಡುರಾಗೆ, ತನ್ನ ಅಕ್ಕನ ಮನೆಗೆ ಕಳಿಸ್ತಾಳಂತೆ. ಊರೆಲ್ಲ ಓದಲಿ ಅಂತ ಬೇಕೂಂತಾನೇ ಗೋಡೆಗೆ ಹಾಕಿಸಿದ್ಲು ಅಂತ ಅವಳ ಸಿಟ್ಟು. ಟೋಬಿ ಕ್ಯಾಂಟೀನ್ ಕಿಟಕಿ ಹತ್ರ ನಿಂತು ಅಳ್ತಿದ್ದ, ಅಕ್ಕ ಸೂಟ್‌ಕೇಸ್ ತೆಗ್ದಿದಾಳೆ ಅಂತ."

ಕೋರಲ್ ಹೋದಮೇಲೆ ಬೀದಿಯ ಬಾಗಿಲಿಗೆ "ಮುಚ್ಚಿದೆ" ಎಂಬ ಬೋರ್ಡು ತಿರುಗಿಸಿದೆ. ಕೆಲಸದ ದಿನ ಮಧ್ಯಾಹ್ನ ಲೈಬ್ರರಿ ಮುಚ್ಚಿದ್ದು ಅದೇ ಮೊದಲು. ಡ್ರಾಯರಿನ ಬೀಗ ತೆಗೆದು ಆ ತುಂಡನ್ನು ಲಕೋಟೆಯಲ್ಲಿಟ್ಟುಕೊಂಡು ಹೊರಟೆ. ದಕ್ಷಿಣದ ಗಾಳಿ ಮುಖಕ್ಕೆ ರಾಚುತ್ತಿತ್ತು. ಗೋಧಿ ಕಣಜಗಳನ್ನು ದಾಟುವವರೆಗೂ ವಾಪಸ್ಸು ಹೋಗಲು ಕಾರಣ ಹುಡುಕುತ್ತಲೇ ನಡೆದೆ. ಒಂದೂ ಸಿಗಲಿಲ್ಲ.

ಜಗುಲಿಯಲ್ಲಿ ಪಾತ್ರೆಗಳನ್ನು ತೊಳೆದು, ಒರೆಸಿ, ಒಂದರ ಮೇಲೊಂದು ಜೋಡಿಸಿಟ್ಟಿತ್ತು. ಬಾಗಿಲು ತೆರೆದವಳು ಮೆರಿಲ್. ಅಂಗಿಯ ಮೇಲೆ ಹಳೆಯ ಉಣ್ಣೆಯ ಗೌನು. ಎರಡು ವರ್ಷದಲ್ಲಿ ಎಷ್ಟು ಬಡಕಲಾಗಿದ್ದಳು ಎಂದರೆ ದಾರಿಯಲ್ಲಿ ಸಿಕ್ಕಿದ್ದರೆ ಗುರುತು ಹಿಡಿಯುತ್ತಿರಲಿಲ್ಲ.

"ನಿಮ್ಮ ಪಾತ್ರೆ ಯಾವುದು ವರ್ನಾ? ತಗೊಂಡು ಹೋಗಿ."

"ನಾನು ಕಳಿಸಿಲ್ಲ ಮೆರಿಲ್."

"ಹಾಗಾದ್ರೆ ಊರಲ್ಲಿ ನೀವೊಬ್ರೇ. ಒಳಗೆ ಬನ್ನಿ."

ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಕುಡಿದರೆ ಮಾತು ಬೇರೆಲ್ಲಿಗೋ ಹೋಗುತ್ತದೆ ಎಂದು ಭಯ. ನಿಂತೇ ಲಕೋಟೆ ಕೊಟ್ಟೆ. "ಬ್ರಯನಿ ಗೋಡೆಗೆ ಹಾಕಿ ಅಂದಿರಲಿಲ್ಲ," ಎಂದೆ. "ನಾನೊಬ್ಬಳೇ ನೋಡಬೇಕು ಅಂತ ಗುರುತು ಹಾಕಿದ್ಲು. ಅದನ್ನ ಕತ್ತರಿಸಿದ್ದು ನಾನು. ಅಡಿಲೇಡಿನವರಿಗೆ ತೋರಿಸೋಕೆ. ಆಮೇಲೆ ಅವಳು ಬಂದು ಕೇಳಿದಾಗ ಸುಳ್ಳು ಹೇಳಿದೆ."

ಮೆರಿಲ್ ಗೌನಿನ ಜೇಬಿನಿಂದ ಲ್ಯಾಮಿನೇಟ್ ಮಾಡಿದ ಚೀಟಿ ತೆಗೆದಳು. ಅದು ಅವಳ ಜೇಬಿನಲ್ಲೇ ಇತ್ತು, ಅಷ್ಟು ದಿನವೂ ಅಲ್ಲೇ ಇತ್ತೆಂದು ಕಾಣುತ್ತದೆ. ಊಟದ ಮೇಜಿನ ಮೇಲೆ ಇಟ್ಟು, ಅದರ ಕೆಳಗೆ ನಾನು ಕೊಟ್ಟ ತುಂಡನ್ನು ಸೇರಿಸಿದಳು. ಅಂಚಿಗೆ ಅಂಚು ಕೂತಿತು. ಗುರುತನ್ನು ಹೆಬ್ಬೆರಳಿನಿಂದ ಸವರಿದಳು.

"ಅವಳು ಮೊದಲನೇ ದಿನಾನೇ ಹೇಳಿದ್ಲು," ಎಂದಳು. "ಎರಡನೇ ಚೌಕ ಅಮ್ಮ, ಮಿಸ್‌ಗೆ ಮಾತ್ರ ಬರೆದಿದ್ದು ಅಂತ. ನಾನು ಏನಂದೆ ಗೊತ್ತಾ? ವರ್ನಾ ಪೆನ್‌ಹಾಲ್ ಅಂಥವರಲ್ಲ ಅಂದೆ. ನಾನು ಚಿಕ್ಕೋಳಿದ್ದಾಗ ನಮ್ಮಮ್ಮ ಎಷ್ಟು ಕೇಳಿದ್ರೂ ನಾನು ಏನು ಓದ್ತೀನಿ ಅಂತ ಅವರು ಬಾಯಿ ಬಿಟ್ಟೋರಲ್ಲ, ನೀನೇ ಸುಳ್ಳಿ ಅಂದೆ. ಆಮೇಲೆ ನಿಮ್ಮ ಹತ್ರ ಕೇಳ್ಕೊಂಡು ಬಂದು, ತಪ್ಪಾಗಿರಬಹುದು ಅಮ್ಮ ಅಂದ್ಲು. ನೋಡಿದ್ಯಾ ಅಂದೆ. ಅವತ್ತಿಂದ ಮಾತಾಡಿಲ್ಲ ನಾನು."

ಅಲ್ಲಿಯವರೆಗೆ ನಾನು ಹುಡುಗಿಯ ಗುಟ್ಟು ಬಯಲು ಮಾಡಿದೆ ಎಂದಷ್ಟೇ ಸಂಕಟಪಡುತ್ತಿದ್ದೆ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡು ಗಳಿಸಿದ ನನ್ನ ಒಳ್ಳೆಯ ಹೆಸರೇ ಆ ಮನೆಯಲ್ಲಿ ಮಗಳ ವಿರುದ್ಧ ಸಾಕ್ಷಿ ಹೇಳಿತ್ತು.

"ಸಿಟ್ಟು ಬರುತ್ತೆ ಅಂತ ಬರೆದಿದಾಳಲ್ಲ, ಅದಕ್ಕೆ ನನಗೆ ಬೇಜಾರಿಲ್ಲ," ಎಂದಳು ಮೆರಿಲ್. "ಬರಬೇಕಾದ್ದೇ. ಒದ್ದಿದ್ರೂ ತಪ್ಪಿಲ್ಲ. ನನ್ನ ಕೈಲಿ ಏಳೋಕೇ ಆಗ್ತಿರಲಿಲ್ಲ ವರ್ನಾ. ಆದ್ರೆ ಊರ ಮುಂದೆ ಇಟ್ಲಲ್ಲ ಅಂತ..."

"ಪ್ರಿನ್ಸಿಪಾಲರಿಗೆ ಹೇಳ್ತೀನಿ," ಎಂದೆ. "ಕೋರಲ್‌ಗೂ ಹೇಳ್ತೀನಿ. ಬ್ರಯನಿ ಹತ್ರ ಕ್ಷಮೆ ಕೇಳ್ತೀನಿ. ನಿಮ್ಮ ಹತ್ರಾನೂ."

"ಒಬ್ಬೊಬ್ಬರ ಕಿವೀಲಿ ಹೇಳೋದು ಬೇಡ. ಗೋಡೆಗೆ ಹಾಕಿ."

"ಏನನ್ನ?"

"ನೀವು ಮಾಡಿದ್ದನ್ನ. ನಿಮ್ಮ ಕೈಬರಹದಲ್ಲೇ ಬರೆದು. ನಮ್ಮದು ಎಲ್ಲಿತ್ತೋ ಅಲ್ಲೇ."

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅವಳು ಮೇಜಿನ ಮೇಲಿನ ಎರಡು ತುಂಡುಗಳನ್ನು ನೋಡುತ್ತಿದ್ದಳು. "ಆಯ್ತು," ಎಂದೆ.

ಶನಿವಾರ, ಭಾನುವಾರ ಏಳು ಚೀಟಿ ಬರೆದು ಹರಿದುಹಾಕಿದೆ. ಎಲ್ಲದರಲ್ಲೂ ಎಲ್ಲೋ ಒಂದು ಕಡೆ ನನ್ನ ಪರವಾಗಿ ಒಂದು ಮಾತು ನುಸುಳುತ್ತಿತ್ತು, ಕೆಲಸದ ಒತ್ತಡ, ಒಳ್ಳೆಯ ಉದ್ದೇಶ, ವಯಸ್ಸು. ಎಂಟನೆಯದು ಗೋಡೆಗೆ ಹೋಯಿತು.

ಯಾವ ಪುಸ್ತಕ: "ಪುಸ್ತಕ ಅಲ್ಲ, ಚೀಟಿ."

ಯಾರು ಓದಬೇಕು: "ಈ ಡಬ್ಬಕ್ಕೆ ಚೀಟಿ ಹಾಕಿದ ಎಲ್ಲರೂ, ಇಲ್ಲಿದ್ದ ಚೀಟಿ ಓದಿದ ಎಲ್ಲರೂ."

ಯಾಕೆ: "ಅದನ್ನು ಬರೆದವರು 'ಮಿಸ್ ಮಾತ್ರ ನೋಡಬೇಕು' ಎಂದು ಗುರುತು ಹಾಕಿದ್ದರು. ಹೊರಗಿನವರಿಂದ ಹೊಗಳಿಸಿಕೊಳ್ಳಲು ನಾನು ಆ ಗುರುತನ್ನು ಕತ್ತರಿಸಿ ಗೋಡೆಗೆ ಹಾಕಿದೆ. ಕೇಳಿದಾಗ ಸುಳ್ಳು ಹೇಳಿದೆ. ಬರೆದವರದ್ದು ಏನೂ ತಪ್ಪಿಲ್ಲ."

ಕೆಳಗೆ ಮೊದಲನೆಯ ಚೌಕಕ್ಕೆ ಗುರುತು. ಗೋಡೆಗೆ ಹಾಕಬಹುದು.

ಸೋಮವಾರ ಮಧ್ಯಾಹ್ನದೊಳಗೆ ಸರದಿಯವರೆಲ್ಲ ಬಂದು ಓದಿ ಹೋದರು. ಯಾರೂ ನನ್ನ ಕಡೆ ನೋಡಲಿಲ್ಲ. ಕೋರಲ್ ಓದಿ, ಮತ್ತೊಮ್ಮೆ ಓದಿ, ಕೌಂಟರಿಗೆ ಬಂದಳು. "ಎಂಥ ಕೆಲಸ ಮಾಡಿಬಿಟ್ಟೆ ವರ್ನಾ," ಎಂದಷ್ಟೇ ಹೇಳಿ ಪತ್ತೇದಾರಿ ಪುಸ್ತಕ ತೆಗೆದುಕೊಳ್ಳದೆ ಹೋದಳು. ಪ್ರಿನ್ಸಿಪಾಲರು ಕರೆಸಿದರು. ಆ ಮಾತುಕತೆ ಇಲ್ಲಿ ಬೇಡ, ನನಗೆ ಸಿಗಬೇಕಾದ್ದು ಸಿಕ್ಕಿತು. ಅಡಿಲೇಡಿನಾಕೆಗೆ ಫೋನ್ ಮಾಡಿ ಫೋಟೋ ಅಳಿಸಿ ಎಂದೆ, ಕಾರಣವನ್ನೂ ಹೇಳಿದೆ. ಆಕೆ "ಓ" ಎಂದಳು, ಅಷ್ಟೇ.

ಹೆಚ್ಚು ನೋವಾದದ್ದು ಮಕ್ಕಳಿಂದ. ಮಂಗಳವಾರ ಒಬ್ಬ ಬಂದು ಬಹಳ ಮರ್ಯಾದೆಯಿಂದ ಕೇಳಿದ, "ಮಿಸ್, ಡ್ರ್ಯಾಗನ್ ಚೀಟಿ ನಂದು. ವಾಪಸ್ ಕೊಡ್ತೀರಾ?" ಕೊಟ್ಟೆ. ಆಮೇಲೆ ಇಬ್ಬರು ಬಂದರು. ಆಮೇಲೆ ಸಾಲು. ನೂರಾ ಹನ್ನೆರಡನೇ ಪುಟದ ಹುಡುಗಿ ತಲೆ ತಗ್ಗಿಸಿಕೊಂಡು ತನ್ನದನ್ನು ತಾನೇ ಬಿಚ್ಚಿಕೊಂಡಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಆ ಗೋಡೆಯ ಮೇಲೆ ಉಳಿದದ್ದು ನನ್ನ ಚೀಟಿ ಒಂದೇ. ಐಸ್‌ಕ್ರೀಂ ಡಬ್ಬ ಖಾಲಿ.

ಬ್ರಯನಿ ಬಂದದ್ದು ಗುರುವಾರ, ಊಟದ ಬಿಡುವಿನಲ್ಲಿ. ಗೋಡೆಯ ಮುಂದೆ ಕೈ ಹಿಂದೆ ಕಟ್ಟಿ ನಿಂತು ಓದಿದಳು. ನಾನು ಕೌಂಟರಿನ ಹಿಂದಿನಿಂದ ಎದ್ದು ಹತ್ತಿರ ಹೋದೆ. ಮೂರು ದಿನದಿಂದ ಕಟ್ಟಿಟ್ಟುಕೊಂಡ ಮಾತೆಲ್ಲ ಎಲ್ಲೋ ಹೋಗಿತ್ತು.

"ತಪ್ಪಾಯ್ತು ಬ್ರಯನಿ," ಎಂದೆ. "ನಿನ್ನ ಮೇಲೆ ನಿನಗೇ ಅನುಮಾನ ಬರೋ ಹಾಗೆ ಮಾಡಿದೆನಲ್ಲ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು."

"ನಿಮಗೆ ಬರೆಯೋಕೆ ಮುಂಚೆ ನಾನು ಯಾರಿಗೂ ಹೇಳಿರಲಿಲ್ಲ ಮಿಸ್," ಎಂದಳು. "ಅಪ್ಪಂಗೂ ಹೇಳಿರಲಿಲ್ಲ."

"ಗೊತ್ತು."

"ಮಿಲ್ಡುರಾಗೆ ಹೋಗ್ತಿಲ್ಲ ನಾನು. ಅಮ್ಮನೇ ಬೇಡ ಅಂದ್ಲು. ಇವತ್ತು ಟೋಬಿ ಚೀಲದ ಮೇಲೆ ಅಮ್ಮನೇ ಬರೆದ್ಲು. ಸಾಸ್ ಬೇಕು ಅಂತ ಬರೆದುಬಿಟ್ಟಿದಾಳೆ, ಅವಂಗೆ ಆಗಲ್ಲ." ಅವಳ ತುಟಿಯ ತುದಿ ಒಂದು ಕ್ಷಣ ಅಲುಗಿತು, ಮತ್ತೆ ಬಿಗಿಯಾಯಿತು. ಚೀಟಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಇದರಲ್ಲಿ ಹೆಸರಿಲ್ಲ."

"ನನ್ನ ಅಕ್ಷರ ಊರಿಗೆಲ್ಲ ಗೊತ್ತಲ್ಲ ಕಣೇ."

"ಹೂಂ," ಎಂದಳು. "ನಂದೂ ಗೊತ್ತಿತ್ತು."

ಅವಳು ಚೀಲದಿಂದ ನೀಲಿ ಪುಸ್ತಕ ತೆಗೆದು ಕೌಂಟರಿನ ಮೇಲಿಟ್ಟಳು. ಅದರ ಮೂಲೆಗಳು ಮೆತ್ತಗಾಗಿದ್ದವು. ಒಬ್ಬರಲ್ಲ, ಇಬ್ಬರು ಓದಿದ ಪುಸ್ತಕದ ಹಾಗಿತ್ತು.

"ಈ ವರ್ಷದ ಪಟ್ಟಿಯಿಂದ ಇದನ್ನ ತೆಗೆದುಬಿಟ್ರಾ?"

"ತೆಗೆದೆ. ಮತ್ತೆ ನಿಮ್ಮ ಮನೆಗೆ ತೊಂದರೆ ಆಗಬಾರದು ಅಂತ."

"ಹಾಕಿ," ಎಂದಳು. "ಪುಸ್ತಕದ್ದೇನೂ ತಪ್ಪಿಲ್ಲ ಮಿಸ್."

ಬಾಗಿಲು ದಾಟಿ ಅಂಗಳದಲ್ಲಿ ಮಕ್ಕಳ ನಡುವೆ ಹೋದಳು. ಭೂಪಟದ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಪೆನ್ನು ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ, ಚೀಟಿಯ ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ.